ಇಪ್ಪತ್ತೆಂಟು ಕಾಲು, ಮೇಲೆರಡು

ತಾಪತ್ರಯ ಶುರುವಾದದ್ದು ಏಳನೇ ಕಾಲಿನಿಂದ.

ಮನುಷ್ಯನ ಕಾಲಲ್ಲ. ಪಂಪು ನಡೆಸುವ ಬೋರ್ಡಿನ ನಡುವೆ ಮೈಕ್ರೊಕಂಟ್ರೋಲರ್ ಎಂಬ ಕರಿ ಚಿಪ್ಪು ಕೂತಿರುತ್ತದಲ್ಲ, ಅದಕ್ಕೆ ಜರಿಹುಳುವಿಗಿರುವ ಹಾಗೆ ಸಾಲಾಗಿ ಇಪ್ಪತ್ತೆಂಟು ಕಾಲು. ಹೊರಗಿನ ತಂತಿಯಲ್ಲಿ ವೋಲ್ಟೇಜು ಚೂರು ಏರಿ ಬಂದರೂ ಕಾಲು ಸುಟ್ಟು, ಬೋರ್ಡು ಕಸದ ಬುಟ್ಟಿ ಸೇರುತ್ತದೆ. ಒಂದೇ ತಿಂಗಳಲ್ಲಿ ಇಂಥ ಮೂರು ಬೋರ್ಡು ಸುಟ್ಟ ಮೆಕ್ಯಾನಿಕ್ಕನಿಗೆ ವರ್ಕ್‌ಶಾಪಿನಲ್ಲಿ 'ಕರಕಲು' ಎಂದೇ ಹೆಸರು ಬಿದ್ದಿತ್ತು. ಯಜಮಾನರು ನಿನ್ನೆ ಖಡಾಖಂಡಿತವಾಗಿ ಹೇಳಿದ್ದರು: "ಕಾಲು ಸುಟ್ಟಿದೆ ಅಂತ ಇನ್ನೊಂದು ಸಲ ನಿನ್ನ ಬಾಯಿಂದ ಬಂದ್ರೆ, ಈ ಕಡೆ ತಲೆ ಹಾಕಬೇಡ."

ನಲವತ್ತೆಂಟರ ವಯಸ್ಸಿನಲ್ಲಿ ಇನ್ನೊಬ್ಬರು ಕರೆದು ಕೆಲಸ ಕೊಡುತ್ತಾರೆಂಬ ಆಸೆ ಅವನಿಗಿರಲಿಲ್ಲ. ಇಣುಕುವವರ ಕಾಟ ಬೇಡವೆಂದು ನಾಲ್ಕನೇ ಬೋರ್ಡನ್ನು ಮನೆಗೇ ತಂದಿದ್ದ. ಬೆಳಗಿನಿಂದ ಕಾಲು ಸುಟ್ಟ ಬೆಕ್ಕಿನಂತೆ ಅದರ ಸುತ್ತ ತಿರುಗಿ, ಕೊನೆಗೆ ಜೊತೆಗಾರನಿಗೆ ಫೋನು ಮಾಡಿದ.

"ಪ್ರತಿ ಕಾಲಿಗೂ ಅಡ್ಡ, ಕರೆಂಟು ತಡೆಯೋಕೆ ಒಂದು ರೆಸಿಸ್ಟರ್ ಹಾಕು. ಏರಿದ ವೋಲ್ಟೇಜು ಪಕ್ಕಕ್ಕೆ ಹರಿದು ಹೋಗೋಕೆ ಡಯೋಡ್ ಹಾಕು. ಹೋದ ಸಲ ಯಾವ ಕಾಲು ಹೋಗಿದ್ದು?"

ಲೈನು ಸರಿಯಿರಲಿಲ್ಲ. ಕರಕಲು ಕಿರುಚಿದ: "ಕಾಲು! ಕಾಲು ಸುಟ್ಟು ಹೋಯ್ತು ಮಾರಾಯಾ! ಏಳನೇದು!"

ಗೋಡೆಯಾಚೆ ರಿಟೈರಾದ ನರ್ಸಮ್ಮ ಇದ್ದರು. ರಿಟೈರಾದ ಮೇಲೆ ಒಂದು ಗಾಯವನ್ನೂ ಕಾಣದೆ ಅವರ ಕೈ ಕಡಿಯುತ್ತಿತ್ತು. ಕರಕಲು ನೆಮ್ಮದಿಯಾಗಿ, ತಲೆ ಎತ್ತದೆ ಬೆಸುಗೆ ಹಾಕಿ, ಬೋರ್ಡಿನ ಹಸಿರು ದೀಪ ಹತ್ತಿಸಿ, ಕೊನೆಯ ಡಯೋಡನ್ನೂ ಮುಗಿಸಿದ ಎಂದುಕೊಂಡಿರಾ? ಅಷ್ಟು ಪುಣ್ಯ ಎಲ್ಲಿಂದ ಬರಬೇಕು! ದೀಪ ಹತ್ತಿತು, ನಿಜ. ಆದರೆ ಕೊನೆಯ ಡಯೋಡು ಮುಗಿಯುವ ಮೊದಲೇ ಆ ಕಿರುಚು ಕೇಳಿದ್ದ ನರ್ಸಮ್ಮ, ಅಟ್ಟದಲ್ಲಿದ್ದ ಔಷಧಿ ಪೆಟ್ಟಿಗೆ ಹುಡುಕಿ ತೆಗೆದು ಒಳನುಗ್ಗಿದರು. ಹಿಂದೆಯೇ ಕತ್ತರಿ ಹಿಡಿದ ಮೇಲಿನ ಮನೆಯ ದರ್ಜಿ.

"ಎಲ್ಲಪ್ಪಾ, ಕಾಲು ತೋರಿಸು!"

"ನನ್ನ ಕಾಲಲ್ಲ ಅಕ್ಕಾ, ಚಿಪ್ಪಿಂದು!"

"ನೋವಿಗೆ ಏನೇನೋ ಬಡಬಡಿಸ್ತಿದ್ದಾನೆ. ಪ್ಯಾಂಟು ಕತ್ತರಿಸಿ!"

ದರ್ಜಿ ಮೊಣಕಾಲಿನ ತನಕ ನೀಟಾಗಿ ಕತ್ತರಿಸಿದ. ನರ್ಸಮ್ಮ ಪಾದ ಹಿಡಿದು ಎಳೆದರು. ಮೇಜು ಅಲುಗಿತು. ಒಂದು ಕಡೆಯಿಂದ ಬೋರ್ಡು, ಇನ್ನೊಂದು ಕಡೆಯಿಂದ ಬೆಸುಗೆ ಹಾಕುವ ಕಾದ ಸೋಲ್ಡರಿಂಗ್ ಐರನ್ ಜಾರಿದವು. ಹಿಡಿಯಲು ಒಂದೇ ಕೈ ಖಾಲಿಯಿತ್ತು. ಅವನು ಬೋರ್ಡನ್ನು ಹಿಡಿದ.

ಐರನ್ನು ಎಡಗಾಲಿನ ಮೇಲೆ ಬಿತ್ತು.

"ನೋಡಿದ್ರಾ, ನಾನು ಹೇಳಲಿಲ್ವಾ?" ಎಂದ ನರ್ಸಮ್ಮ ತಣ್ಣೀರು ಬಟ್ಟೆ ಸುತ್ತಿದರು. ಮುಖದಲ್ಲಿ ಎಷ್ಟೋ ವರ್ಷದ ಮೇಲೆ ಕಳೆ ಬಂದಿತ್ತು.

ನಾಲ್ಕು ಗಂಟೆಗೆ ಬೋರ್ಡು ಒಪ್ಪಿಸಬೇಕಿತ್ತು. ಹೆಜ್ಜೆ ಊರಲಾಗದೆ, ಕಣ್ಣೀರು ಒರೆಸಿಕೊಂಡು ಯಜಮಾನರಿಗೆ ಫೋನು ಹಚ್ಚಿದ.

"ಸರ್, ಇವತ್ತು ಬರೋಕಾಗಲ್ಲ. ಕಾಲು ಸುಟ್ಟಿದೆ."

ಅತ್ತ ಕಡೆ ನಿಟ್ಟುಸಿರು. "ಯಾವುದು?"

"ಎಡಗಡೇದು ಸರ್."

"ಹೊರಗಿನ ತಂತಿ ಬರೋ ಇನ್‌ಪುಟ್ ಕಡೇದೇ! ರೆಸಿಸ್ಟರ್ ಹಾಕಿರಲಿಲ್ವಾ?"

ನೋವಿನಲ್ಲಿ ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಇಲ್ಲ ಸರ್, ಒದ್ದೆ ಬಟ್ಟೆ ಸುತ್ತಿದೀವಿ."

"ಒದ್ದೆ ಬಟ್ಟೆನಾ!"

"ಅಯ್ಯೋ, ಅದು ನನ್ನ ಕಾಲು ಸರ್!"

"ನಿನ್ನದಲ್ಲ, ಕಂಪನಿದು!"

ಫೋನು ಕಟ್ಟಾಯಿತು. ಮತ್ತೆ ಮತ್ತೆ ಮಾಡಿದರೂ ಯಾರೂ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಜೊತೆಗಾರನ ಮೆಸೇಜು ಬಂತು: 'ನಿನ್ನ ಮೇಜು ನನಗೆ ಕೊಟ್ಟಿದಾರೆ. ಬೇಜಾರು ಮಾಡ್ಕೋಬೇಡ.'

ಮೇಜಿನ ಮೇಲೆ ಹಸಿರು ದೀಪ ಮಿನುಗುತ್ತಲೇ ಇತ್ತು. ಇಪ್ಪತ್ತೆಂಟು ಕಾಲೂ ಕ್ಷೇಮ.

"ಬಟ್ಟೆ ಬಿಸಿಯಾಗಿರುತ್ತೆ, ಇನ್ನೊಂದು ಸಲ ನೆನೆಸಿ ಕಟ್ಲೇನಪ್ಪಾ?" ನರ್ಸಮ್ಮ ಕೇಳಿದರು.

"ಕಟ್ಟಿ ಅಕ್ಕಾ," ಎಂದ ಕರಕಲು. "ಆದ್ರೆ ಈ ಸಲ ಹೊಟ್ಟೆಗೆ."