ಡಬಲ್ ಸ್ಟ್ಯಾಂಡ್ ಪ್ರಸಂಗ

ಆಫೀಸಿನಲ್ಲಿ ನನ್ನ ಕೆಲಸ ಕಂಪ್ಯೂಟರ್ ಸಿಸ್ಟಮ್‌ಗಳು ಬೀಳದಂತೆ ನೋಡಿಕೊಳ್ಳುವುದು. ಪಾಯಾ ಲೆಬಾರ್ ಅನ್ನುವ ಈ ಪರದೇಶದ ಬಡಾವಣೆಯಲ್ಲಿ, ನಮ್ಮ ಆಫೀಸಿನ ಹದಿನಾಲ್ಕನೇ ಮಹಡಿಯಲ್ಲಿ, ಈ ವಿಷಯವಾಗಿ ನಾನು ಭಾಷಣ ಮಾಡಿದ್ದುಂಟು, ಜನ ತಲೆದೂಗಿದ್ದೂ ಉಂಟು. ಅಂಥವನಿಗೆ ಒಂದು ಬೈಕ್ ನಿಲ್ಲಿಸುವುದು ಯಾವ ಮಹಾ ಕೆಲಸ!

ಬೈಕ್ ಕೊಳ್ಳಲು ಹೆಂಡತಿ ಸುಮಾ ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

"ಒಂದ್ಸಲ ಬಿತ್ತು ಅಂದ್ರೆ ಮಾರ್ಬಿಡ್ಬೇಕು. ಆಮೇಲೆ ನಿಮಗೆ ಎಂಆರ್‌ಟಿ ರೈಲೇ ಗತಿ."

ಧಾರಾಳವಾಗಿ ಒಪ್ಪಿದೆ. ನಿಜ ಹೇಳಬೇಕೆಂದರೆ ನನಗೆ ಡಬಲ್ ಸ್ಟ್ಯಾಂಡ್ ಹಾಕಲು ಬರುವುದಿಲ್ಲ. ಬೆಂಗಳೂರಿನಲ್ಲಿದ್ದಾಗಲೂ ಸೈಡ್ ಸ್ಟ್ಯಾಂಡಿನಲ್ಲೇ ಕಾಲ ತಳ್ಳಿದವನು. ಈ ಪರಮ ರಹಸ್ಯ ಮನೆಯವಳಿಗೆ ಗೊತ್ತಿರಲಿಲ್ಲ.

ಆಯುಧಪೂಜೆ ಬಂತು. ಸೆಂಗ್‌ಕಾಂಗ್‌ನಲ್ಲಿ ನಾವಿರುವ ಫ್ಲ್ಯಾಟ್ ಬ್ಲಾಕಿನ ಕಾರ್‌ಪಾರ್ಕಿನಲ್ಲಿ ಬೈಕ್ ಒರೆಸಿ ಹಾರ ಹಾಕಿದೆವು.

"ಡಬಲ್ ಸ್ಟ್ಯಾಂಡ್ ಹಾಕ್ರೀ, ನೆಟ್ಟಗೆ ನಿಲ್ಲಲಿ" ಎಂದಳು ಸುಮಾ.

ಹಿಂದಿನಿಂದ ಹಿಡಿದು ಎಳೆದೆ. ಬೈಕ್ ಅಲ್ಲಾಡಲಿಲ್ಲ, ನನ್ನ ಸೊಂಟ ಅಲ್ಲಾಡಿತು. ಮತ್ತೆ ಎಳೆದೆ. ಪಂಚೆ ಸಡಿಲವಾಯಿತು! ಕೊನೆಗೆ ಗಂಭೀರವಾಗಿ ಘೋಷಿಸಿದೆ: "ಪೂಜೆಗೆ ಸೈಡ್ ಸ್ಟ್ಯಾಂಡೇ ಶ್ರೇಷ್ಠ. ಶಾಸ್ತ್ರದಲ್ಲೇ ಇದೆ."

"ಯಾವ ಶಾಸ್ತ್ರ ರೀ?"

ಬೈಕನ್ನು ಸೈಡ್ ಸ್ಟ್ಯಾಂಡಿಗೆ ಒರಗಿಸಿ, ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ಎಳೆದಾಡುವ ಭರದಲ್ಲಿ ನ್ಯೂಟ್ರಲ್‌ಗೆ ತಂದಿದ್ದ ಗೇರನ್ನು ಮತ್ತೆ ಹಾಕುವುದು ಮರೆತೇ ಹೋಗಿತ್ತು. ನೆಲವೂ ಒಂಚೂರು ಇಳಿಜಾರು. ಸುಮಾ ಮಂಗಳಾರತಿ ಎತ್ತಿದಳು. ನಾನು ಹಿಂದಿನ ಸೀಟಿಗೆ ಹಣೆ ಒತ್ತಿ ನಮಸ್ಕರಿಸಿದೆ. ಭಕ್ತಿ ಸ್ವಲ್ಪ ಜಾಸ್ತಿಯಾಯಿತು. ಬೈಕ್ ಮುಂದೆ ಸರಿಯಿತು, ನಿಂಬೆ ಅಪ್ಪಚ್ಚಿಯಾಯಿತು, ಸ್ಟ್ಯಾಂಡು ಮಡಚಿಕೊಂಡಿತು. ನಾನು ಮಾಡಿದ್ದು ಬರೀ ನಮಸ್ಕಾರ. ಬೈಕು ಸಾಷ್ಟಾಂಗವನ್ನೇ ಹಾಕಿತು!

"ಅಪ್ಪಾ, ಬೈಕ್ ಮಲ್ಕೊಂಡ್ತು ಲಾ!" ಆರು ವರ್ಷದ ಮಗಳು ಇಲ್ಲಿನವರ ಹಾಗೆ ಕೊನೆಗೊಂದು 'ಲಾ' ಸೇರಿಸಿ ಚಪ್ಪಾಳೆ ತಟ್ಟಿದಳು.

ಹೋಯಿತು, ಬೈಕ್ ಕೈಬಿಟ್ಟು ಹೋಯಿತು! ಅಳು ಬರುವುದೊಂದು ಬಾಕಿ. ಸುಮಾ ಆರತಿ ತಟ್ಟೆ ಕೆಳಗಿಟ್ಟು ಬಂದಳು. ಇಬ್ಬರೂ ಸೇರಿ ಎತ್ತಿದೆವು. ಆಮೇಲೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟ್ಯಾಂಡಿನ ಮೇಲೆ ಕಾಲಿಟ್ಟು ಒಮ್ಮೆ ಒತ್ತಿದಳು. ಟಕ್! ಬೈಕ್ ನೆಟ್ಟಗೆ ನಿಂತಿತು.

"ಎಳೆಯೋದಲ್ಲ ರೀ, ತುಳಿಯೋದು. ಮೈಸೂರಲ್ಲಿ ಅಪ್ಪನ ಗಾಡಿಗೆ ದಿನಾ ನಾನೇ ಹಾಕ್ತಿದ್ದೆ."

"ಈಗ... ಮಾರ್ಬೇಕಾ?"

ನನ್ನ ಮುಖ ನೋಡಿ ಅವಳಿಗೆ ಅಯ್ಯೋ ಅನ್ನಿಸಿರಬೇಕು. "ಬೇಡ ಬಿಡಿ. ಆದ್ರೆ ಇನ್ಮೇಲೆ ಯಾವ ಸ್ಟ್ಯಾಂಡನ್ನೂ ನೀವು ಮುಟ್ಟಬಾರದು."

ಬೈಕ್ ಉಳಿಯಿತು. ಈಗ ದಿನಾ ಸಂಜೆ ಕಾರ್‌ಪಾರ್ಕಿನಿಂದಲೇ ಮನೆಗೆ ಫೋನ್ ಮಾಡುತ್ತೇನೆ.

"ಸಾರಿಗೆ ಒಗ್ಗರಣೆ ಹಾಕಿ ಬರ್ತೀನಿ, ಹಿಡ್ಕೊಂಡಿರಿ" ಅನ್ನುತ್ತಾಳೆ.

ಹೆಲ್ಮೆಟ್ಟೂ ತೆಗೆಯದೆ ಹಿಡಿದುಕೊಂಡಿರುತ್ತೇನೆ. ಲಿಫ್ಟ್ ನಮ್ಮ ಮನೆಯ ಹನ್ನೆರಡನೇ ಮಹಡಿಯಿಂದ ಇಳಿದು ಬರುವವರೆಗೆ ಆ ಬೈಕಿಗೆ ಸ್ಟ್ಯಾಂಡು ನಾನೇ!