ಹನ್ನೆರಡು ದಿನಕ್ಕೆ ಪುಣೆ ಗೆದ್ದ ವೈನಿ

ಪುಣೆ ನನ್ನ ಊರೋ, ನಮ್ಮ ವೈನಿಯ ಊರೋ ಎಂದು ನಮ್ಮ ಓಣಿಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಯಾರ ಬಾಯಲ್ಲೂ ನನ್ನ ಹೆಸರು ಬರಲಾರದು. ನಾನು ಇಲ್ಲಿಗೆ ಬಂದು ಆಗಲೇ ಆರು ವರ್ಷವಾಗಿತ್ತು. ಅವರು ಇದ್ದದ್ದು ಹನ್ನೆರಡೇ ದಿನ!

ವೈನಿ ಎಂದರೆ ನಮ್ಮ ಯಜಮಾನರ ಅಣ್ಣನ ಹೆಂಡತಿ, ಧಾರವಾಡದವರು. ಆ ಚೈತ್ರದಲ್ಲಿ “ಪುಣೆ ಹ್ಯಾಂಗದ ನೋಡೂಣು” ಎಂದು ಬಂದಿಳಿದರು. ಸ್ಟೇಷನ್ನಿನ ಹೊರಗೆ ಟಾಂಗಾ ಹತ್ತುವ ಮೊದಲು ಕುದುರೆಯ ಪಕ್ಕೆಲುಬು ನೋಡಿ, “ಏನಪಾ, ಇದಕ್ಕ ಮೇವ ಹಾಕ್ತೀಯೋ, ಬರೇ ಚಾಟಿನ ತಿನಸ್ತೀಯೋ?” ಎಂದು ಅಪ್ಪಟ ಕನ್ನಡದಲ್ಲಿ ಗದರಿದರು. ಬೆವರು ಸುರಿಸಿ ಮರಾಠಿ ಕಲಿತ ನಾನು ನಡುವೆ ಬಾಯಿ ಹಾಕುವುದರೊಳಗೆ ಟಾಂಗಾದವ ಹಲ್ಲು ಕಿರಿದು “ಹೋ, ಆಯಿ” ಎಂದ. ಮನೆ ಮುಟ್ಟಿದ ಮೇಲೆ ಟ್ರಂಕನ್ನು ತಾನೇ ಹೊತ್ತು ಮೇಲಿಟ್ಟು ಹೋದ. ನನ್ನ ಕಾಯಿಪಲ್ಲೆಯ ಚೀಲಕ್ಕೂ ಈ ಊರಿನಲ್ಲಿ ಯಾರೂ ಕೈ ಹಚ್ಚಿದ್ದಿಲ್ಲ!

ಮಂಡಯಿ ಎಂಬ ಕಾಯಿಪಲ್ಲೆಯ ಮಾರುಕಟ್ಟೆಯಲ್ಲೂ ಅದೇ ಕಥೆ. ನಾನು ಬದನೆಕಾಯಿಗೆ ಎಷ್ಟು ಎಂದು ಶುದ್ಧ ಮರಾಠಿಯಲ್ಲಿ, ಅದೂ ಮರ್ಯಾದೆ ಹಚ್ಚಿ ಕೇಳಿದರೆ ಮಾರುವವಳು ಆಕಾಶ ನೋಡುತ್ತಾಳೆ. ವೈನಿ ಕಾಯಿಯನ್ನು ಮೂಸಿ, “ಇದನ್ನ ನಮ್ಮ ಕಡೆ ಎಮ್ಮೀನೂ ತಿನ್ನೂದಿಲ್ಲ” ಎಂದರು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು ಒಂದು ಹಿಡಿ ಕೊತ್ತಂಬರಿಯನ್ನು ಸುಮ್ಮನೆ ಹಾಕಿದಳು. ಏನು ತಿಳಿಯಿತೋ ಅವಳಿಗೆ!

ಇನ್ನು ಪರ್ವತಿ ಗುಡ್ಡ. ನನ್ನನ್ನು ಅಲ್ಲಿಗೆ ಕರೆದೊಯ್ಯಲು ಆರು ವರ್ಷ ಪುರುಸೊತ್ತಾಗದ ಯಜಮಾನರು ವೈನಿಗಾಗಿ ಕಚೇರಿಗೆ ರಜೆ ಹಾಕಿದರು. ಜೊತೆಗೆ ನನಗೂ ದೇವರ ದರ್ಶನವಾಯಿತು, ಅದೂ ಒಂದು ಕೃಪೆಯೇ ಅನ್ನಿ. ಅರ್ಧ ಮೆಟ್ಟಿಲಲ್ಲಿ ವೈನಿ ಕುಳಿತು ಹಚ್ಚಿದ ಅವಲಕ್ಕಿಯ ಗಂಟು ಬಿಚ್ಚಿದರು. ದಾರಿಯಲ್ಲಿ ಬಂದವರಿಗೆಲ್ಲ ಹಂಚಿದರು. ತುದಿ ಮುಟ್ಟುವಾಗ ಗುರುತಿಲ್ಲದ ಐದು ಜನ ಹೆಂಗಸರು “ವಹಿನೀ, ವಹಿನೀ” ಎನ್ನುತ್ತ ಹಿಂದೆ ಬರುತ್ತಿದ್ದರು. ಮೇಲಿಂದ ಊರು ನೋಡಿ ವೈನಿ ತೀರ್ಪು ಕೊಟ್ಟರು: “ಊರು ಭಾಳ ಛಲೋ ಅದ. ಆದ್ರ ಮಧ್ಯಾಹ್ನ ಎಲ್ಲಾರೂ ಬಾಗಿಲಾ ಹಾಕ್ಕೊಂಡು ಮಲಗ್ತಾರ. ಯಾರರೆ ಎಬ್ಬಸಬೇಕು.”

ಮರುದಿನ ತಾವೇ ಎಬ್ಬಿಸಿದರು! ಅದೂ ನಾವು ಬಾಡಿಗೆಗಿದ್ದ ವಾಡೆಯ ಮಾಲಕಿಣಬಾಯಿಯನ್ನು. ಆಕೆಯ ಮಧ್ಯಾಹ್ನದ ನಿದ್ದೆಗೆ ಕಾಗೆ ಕೂಡ ಹೆದರುತ್ತದೆ. ಇನ್ನೇನು ಬೈಗುಳ ಬರುತ್ತದೆ ಎಂದು ನಾನು ಗೋಡೆಗೆ ಕಿವಿಯಿಟ್ಟು ಕಾದೆ. ನಗು ಕೇಳಿತು. ಆಮೇಲೆ ತೂಗುಮಣೆ ಕಿರುಗುಟ್ಟಿತು. ಆಕೆ ನನ್ನನ್ನು ಕರೆಯುತ್ತಿದ್ದದ್ದು “ಕಾನಡೀ ಬಾಯಿ” ಎಂದು. ಪ್ರತಿ ವರ್ಷ ಕುಂಕುಮ ಕೊಟ್ಟದ್ದೂ ಹೊಸ್ತಿಲ ಆಚೆಯಿಂದಲೇ. ಹೊಟ್ಟೆಯೊಳಗೆ ಒಲೆ ಹೊತ್ತಿತು, ಸುಳ್ಳು ಯಾಕೆ ಹೇಳಲಿ?

ಆ ಶುಕ್ರವಾರ ನಮ್ಮ ಮನೆಯಲ್ಲಿ ಚೈತ್ರಗೌರಿಯ ಅರಿಷಿಣ-ಕುಂಕುಮ. ಹಿಂದಿನ ವರ್ಷ ವಾಡೆಯ ಹನ್ನೊಂದು ಮನೆಗೆ ಹೇಳಿ ಬಂದಿದ್ದೆ. ಬಂದವರು ಮೂವರು, ಅವರೂ ಬಾಗಿಲಲ್ಲೇ ನಿಂತು ಹೋದರು. ಉಳಿದ ಕೋಸಂಬರಿಯನ್ನು ನಾವಿಬ್ಬರೂ ಎರಡು ದಿನ ತಿಂದೆವು. ಈ ಸಲ ಹನ್ನೊಂದು ಮನೆಯವರೂ ಬರುತ್ತೇವೆ ಎಂದರು, ಆದರೆ “ವಹಿನೀ ಇರ್ತಾರಲ್ಲಾ?” ಎಂದು ಕೇಳಿಕೊಂಡು! ಗೌರಿ ನನ್ನವಳು, ಪಾನಕ ನನ್ನದು, ಜನ ಮಾತ್ರ ಅವರದು. ದೀಪ ಹಚ್ಚುವಾಗ ಬೇಡಿಕೊಂಡೇಬಿಟ್ಟೆ: “ತಾಯೀ, ಅವರಿಗೆ ಒಂದು ನೆಗಡಿಯಾದರೂ ಬರಲಿ.”

ಶುಕ್ರವಾರ ಬೆಳಿಗ್ಗೆ ವೈನಿ ಹಿತ್ತಲ ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿಕೊಂಡು ಕುಳಿತಿದ್ದರು.

“ನಾ ಹೊರಗಾಗೇನಿ. ಇತ್ತಾಗ ಬರಬ್ಯಾಡ. ಗೌರಿನ್ನ ನೀನ ನೋಡ್ಕೋ.”

ನೆಗಡಿ ಕೇಳಿದರೆ ತಾಯಿ ಇದನ್ನು ಕೊಟ್ಟಳೇ?

ಸಂಜೆ ಎಲ್ಲರೂ ಬಂದರು. “ವಹಿನೀ ಎಲ್ಲಿ?” ಎಂದರು. ಸಂಗತಿ ತಿಳಿಸಿದೆ. ಮಡಿ ಸೀರೆಯಲ್ಲಿ ಆ ಕಡೆ ಹೋಗುವಂತಿಲ್ಲ, ಒಳಗೆ ಬಂದವರು ಕುಂಕುಮವಿಲ್ಲದೆ ತಿರುಗಿ ಹೋಗುವಂತೆಯೂ ಇಲ್ಲ. ಕುಳಿತರು. ನಾನು ಬಡಿಸಿದೆ, ಅವರು ಕೇಳಿದರು, ನಾನು ಹೇಳಿದೆ. ನನ್ನ ಮರಾಠಿಗೆ ಅವರು ನಕ್ಕರು, ನಾನೂ ನಕ್ಕೆ. ಮಾಲಕಿಣಬಾಯಿ ಮತ್ತೊಮ್ಮೆ ಕೋಸಂಬರಿ ಕೇಳಿ, “ನಿಮ್ಮ ಭಾಷೆಯ ಆರತಿ ಹಾಡ್ರಿ” ಎಂದರು. ಹಾಡು ಮುಗಿದ ಮೇಲೆ ನನ್ನ ಹೆಸರು ಕೇಳಿದರು. ಆರು ವರ್ಷಕ್ಕೆ!

ಎಲ್ಲರೂ ಹೋದ ಮೇಲೆ ಪಾನಕದ ತಂಬಿಗೆ ಹಿಡಿದು ಹಿತ್ತಲಿಗೆ ಹೋದೆ. ಮೇಲಿನಿಂದ ಅವರ ಲೋಟಕ್ಕೆ ಸುರಿಯುವಾಗ ತಟ್ಟನೆ ಹೊಳೆಯಿತು. ನಾಲ್ಕನೆಯ ದಿನದ ನೀರು ಹಾಕಿಕೊಂಡೇ ರೈಲು ಹತ್ತಿದ್ದಾಗಿ ಬಂದ ದಿನವೇ ವೈನಿ ಹೇಳಿದ್ದರು. ಬಂದು ಹತ್ತು ದಿನವಾಗಿತ್ತಷ್ಟೆ, ಇಷ್ಟು ಬೇಗ ಮತ್ತೆ ಹೊರಗಾಗುವುದು ಹೇಗೆ?

“ವೈನಿ, ಖರೇ ಹೇಳ್ರಿ.”

“ಏನ ಖರೇ? ನಾ ನಾಡದ ಹೋಗಾಕಿ. ಇವರ ನಡುವ ಬಾಳೇ ಮಾಡಾಕಿ ನೀನು.” ಆಮೇಲೆ ದನಿ ತಗ್ಗಿತು. “ಹಾಡು ಇಲ್ಲೀತನಾ ಕೇಳಿಸ್ತು. ಗೌರಿಗೆ ಯಾವ ಸೀರಿ ಉಡಿಸಿದ್ದಿ?”

ಒಂದು ಚೈತ್ರವೂ ಗೌರಿಗೆ ಆರತಿ ಎತ್ತದೆ ಬಿಟ್ಟವರಲ್ಲ ಅವರು. ನಾನು ಮಡಿಯಲ್ಲಿದ್ದೆ. ತಂಬಿಗೆ ಕೆಳಗಿಟ್ಟು ಬಗ್ಗಿದೆ.

“ಏ, ಮುಟ್ಟಬ್ಯಾಡಾ! ಯಾರರೆ ನೋಡ್ಯಾರು!”

ಎರಡೂ ಕೈಯಿಂದ ಅವರ ಪಾದ ಹಿಡಿದೆ.