ಬೆನ್ನುಮೂಳೆ ಇಲ್ಲದವರ ಕಪಾಟಿನಲ್ಲಿ ಕುಳಿತ ಶಾರ್ಕ್ ಅವರಿಗೆ

ನಮ್ಮ ಪ್ರಾಣಿಶಾಸ್ತ್ರ ಲ್ಯಾಬಿನ ಗಾಜಿನ ಬಾಟಲಿಯಲ್ಲಿ ಬಾಯಿ ತೆರೆದು ವಿರಾಜಮಾನರಾಗಿರುವ ಶಾರ್ಕ್ ಅವರ ಸನ್ನಿಧಿಗೆ, ಬೈಲಹೊಂಗಲದ ಹಾಸ್ಟೆಲಿನಿಂದ ಬಿ.ಎಸ್ಸಿ. ಮೊದಲ ವರ್ಷದ ಸಂಘಮಿತ್ರಾ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ರಾಮದುರ್ಗದವಳಾದ ನಾನು ಮಲಪ್ರಭೆಯ ಮೀನುಗಳನ್ನಷ್ಟೇ ಕಂಡವಳು. ತಮ್ಮಂಥ ಸಮುದ್ರದ ದೊಡ್ಡವರ ಪರಿಚಯವಾದದ್ದು ಕಳೆದ ವಾರದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ. ತಮ್ಮನ್ನು ನೋಡಿ ಗುಂಪು ಬರೆಯಬೇಕಿತ್ತು. ಬೆನ್ನುಮೂಳೆಯುಳ್ಳ 'ಕಶೇರುಕ' ಎಂದು ಬರೆದೆ. ತಮ್ಮ ಮೈಯಲ್ಲಿ ಗಟ್ಟಿ ಎಲುಬು ಒಂದೂ ಇಲ್ಲದಿದ್ದರೂ, ನಮ್ಮ ಕಿವಿಯಲ್ಲಿರುವಂಥ ಮೆತ್ತನೆಯ ಮೃದ್ವಸ್ಥಿಯಿಂದಾದ ಬೆನ್ನುಮೂಳೆ ಮಣಿ ಪೋಣಿಸಿದಂತೆ ತಲೆಯಿಂದ ಬಾಲದವರೆಗೆ ಇದೆಯೆಂದು ರೀಸನ್ ಕೂಡ ಕೊಟ್ಟೆ. ಸೊನ್ನೆ ಬಂತು.

ತಪ್ಪು ತಮ್ಮದೇ. ಕಶೇರುಕಗಳ ಕಪಾಟಿಗೆ ಗೆದ್ದಲು ಹತ್ತಿದಾಗ ಅಟೆಂಡರ್ ನಿಜಗುಣಪ್ಪನವರು ತಮ್ಮನ್ನು ಎತ್ತಿ ಅಕಶೇರುಕಗಳ ಕಪಾಟಿನಲ್ಲಿ, ಜಿಗಣೆಗೂ ನಕ್ಷತ್ರಮೀನಿಗೂ ನಡುವೆ ಇಟ್ಟರೆ, ತಾವು ಇಷ್ಟು ಹಲ್ಲಿದ್ದೂ ಒಂದು ಮಾತಾಡದೆ ಕುಳಿತುಬಿಟ್ಟಿರಿ. ಸೊನ್ನೆ ಕೊಟ್ಟ ನಮ್ಮ ಮಲ್ಲಿಕಾರ್ಜುನ ಸರ್ ಬಳಿ ಹೋಗಿ ಕೇಳಿದೆ. "ಕಪಾಟ ನೋಡಿ ಬರೀಬೇಕವಾ, ಮೀನ ನೋಡಿ ಬರದ್ರ ಹೆಂಗ?" ಎಂದರು. ಟೆಕ್ಸ್ಟ್‌ಬುಕ್ ತೆರೆದು ತೋರಿಸಿದರೆ, "ಆ ಪುಸ್ತಕ ಯಾವ ಕಪಾಟಿನ್ಯಾಗಿಂದ ತಂದಿ?" ಎಂದರು. ಬೆನ್ನು ಮುಟ್ಟದೆ, ಹೊಟ್ಟೆ ಕೊಯ್ಯದೆ, ಬರೀ ಮರದ ಹಲಗೆ ನೋಡಿ ಇಡೀ ಜೀವಕೋಟಿಯನ್ನು ವಿಂಗಡಿಸುವ ಇಂಥ ಸುಲಭ ಪದ್ಧತಿ ಲೋಕದ ವಿಜ್ಞಾನಿಗಳಿಗೆ ಇನ್ನೂ ಹೊಳೆಯದಿರುವುದು ವಿಷಾದನೀಯ.

ಪ್ರಾಕ್ಟಿಕಲ್ ಫೇಲಾದರೆ ನನ್ನ ಹಾಸ್ಟೆಲ್ ಸೀಟು ಹೋಗುತ್ತದೆ. ಸೀಟು ಹೋದರೆ ಕಾಲೇಜೂ ಹೋದಂತೆಯೇ. ಆದ್ದರಿಂದ ಶುಕ್ರವಾರದ ಮರುಪರೀಕ್ಷೆಗೆ ತಮ್ಮ ಬಂಧುಗಳಲ್ಲಿ ಯಾರಾದರೂ ಕೃಷ್ಣೆಯನ್ನೇರಿ, ಮಲಪ್ರಭೆ ಹಿಡಿದು, ರಾಮದುರ್ಗದಲ್ಲಿ ಇಳಿದು, ಯರಗಟ್ಟಿ ಮೇಲೆ ಬರುವ ಬಸ್ಸು ಹತ್ತಿ ಬಂದು, ಸರ್ ಅವರಿಗೆ ಒಮ್ಮೆ ಬೆನ್ನು ಮುಟ್ಟಿಸಿ ಹೋಗಬೇಕೆಂದು ವಿನಂತಿ. ಹೆಣ್ಣಾದರೆ ಟಿಕೆಟ್ ದುಡ್ಡಿಲ್ಲ, ಆಧಾರ್ ಮಾತ್ರ ಮರೆಯಬಾರದು.

ಯಾರೂ ಬರದಿದ್ದರೂ ನಾನು 'ಕಶೇರುಕ' ಎಂದೇ ಬರೆಯುವವಳಿದ್ದೇನೆ. ಪತ್ರದಲ್ಲಿ ತಪ್ಪಿದ್ದರೆ ದಯಮಾಡಿ ಹೊಟ್ಟೆಗೆ ಹಾಕಿಕೊಳ್ಳಬೇಕು, ತಪ್ಪನ್ನು ಮಾತ್ರ.

ತಮ್ಮ ಬೆನ್ನನ್ನೇ ನಂಬಿ ಕುಳಿತಿರುವ
ತಮ್ಮ ವಿಶ್ವಾಸಿ,
ಸಂಘಮಿತ್ರಾ

ತಾ.ಕ.: ಪರೀಕ್ಷೆ ಮುಗಿಯುವವರೆಗೂ ಮಲ್ಲಿಕಾರ್ಜುನ ಸರ್ ತಾವಿರುವ ಕಪಾಟಿಗೇ ಒರಗಿ ನಿಲ್ಲುವುದು ವಾಡಿಕೆ. ಅವರ ಗುಂಪು ಯಾವುದೆಂದು ಯಾರಾದರೂ ಕೇಳಿದರೆ, ನಾನು ಕಪಾಟು ನೋಡಿಯೇ ಬರೆಯುತ್ತೇನೆ.